ಡೆಟ್ರಾಯಿಟ್‌ನ ಹನ್ನೆರಡು ಹಾಡು: ನೀವು ಕೇಳಿದ್ದು, ನೀವು ಬರೆದದ್ದು

ಹೋದ ತಿಂಗಳು ಈ ಅಂಕಣದಲ್ಲಿ ಒಂದು ಹಳೆಯ ಡಾನ್ಸ್ ಸಂಕಲನದ ಬಗ್ಗೆ ಬರೆದು, ನೀವೂ ಕೇಳಿ, ಅನ್ನಿಸಿದ್ದನ್ನು ಬರೆಯಿರಿ ಅಂದಿದ್ದೆ. 'ಟೆಕ್ನೋ! ದಿ ನ್ಯೂ ಡಾನ್ಸ್ ಸೌಂಡ್ ಆಫ್ ಡೆಟ್ರಾಯಿಟ್' ಅಂತ ಅದರ ಹೆಸರು. 1988ರಲ್ಲಿ ಇಂಗ್ಲೆಂಡಿನಲ್ಲಿ, ವರ್ಜಿನ್ ಕಂಪನಿಯ ಕೆಳಗಿದ್ದ ಟೆನ್ ರೆಕಾರ್ಡ್ಸ್ ಹೊರತಂದದ್ದು. ಹನ್ನೆರಡು ಹಾಡು. ಹಾಡು ಮಾಡಿದವರು ಮಾತ್ರ ಅಮೆರಿಕದ ಡೆಟ್ರಾಯಿಟ್‌ನವರು, ಹೆಚ್ಚಿನವರು ಇಪ್ಪತ್ತೈದರ ಆಸುಪಾಸಿನ ಕಪ್ಪು ಜನಾಂಗದ ಹುಡುಗರು. ಟೆಕ್ನೋ ಅನ್ನುವ ಮಾತು, ಮಷೀನ್ ಇಟ್ಟುಕೊಂಡು ಮಾಡುವ ಒಂದು ಬಗೆಯ ಕುಣಿತದ ಸಂಗೀತದ ಹೆಸರಾಗಿ ಹೊರಜಗತ್ತಿಗೆ ಗೊತ್ತಾದದ್ದರಲ್ಲಿ ಈ ಆಲ್ಬಂನ ಪಾಲು ದೊಡ್ಡದು.

ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಗಳಿದವರಿಗಿಂತ ಜಗಳಕ್ಕೆ ನಿಂತವರೇ ಜಾಸ್ತಿ. ನನಗೆ ಅದರಿಂದ ಖುಷಿಯೇ ಆಗಿದೆ, ಯಾಕಂದರೆ ಮನಸ್ಸಿಟ್ಟು ಕೇಳದವರು ಜಗಳ ಆಡುವುದಿಲ್ಲ. ಕೆಲವನ್ನು ಇಲ್ಲಿ ಹಾಕಿದ್ದೇನೆ. ಉದ್ದದ ಕಾಗದಗಳನ್ನು ಸ್ವಲ್ಪ ಕತ್ತರಿಸಿದ್ದೇನೆ.

ಪ್ರ: ಮೇಡಂ, ನಾನು ವಾರದ ಕೊನೆಯಲ್ಲಿ ಪಾರ್ಟಿಗಳಲ್ಲಿ ಡಿಜೆ ಕೆಲಸ ಮಾಡುತ್ತೇನೆ. ನೀವು ಅಷ್ಟು ಹೊಗಳಿದಿರಿ ಅಂತ ಕೂತು ಪೂರ್ತಿ ಕೇಳಿದೆ. ನಿಜ ಹೇಳಬೇಕಂದ್ರೆ ಇದರಲ್ಲಿ ಅರ್ಧದಷ್ಟು ಟೆಕ್ನೋನೇ ಅಲ್ಲ. 'ಬಿಗ್ ಫನ್' ಪಕ್ಕಾ ಹೌಸ್ (ಚಿಕಾಗೋದ ಡಾನ್ಸ್ ಸಂಗೀತ), ಪಾಪ್ ಅಂದರೂ ಸರಿ. ಇನ್ನೊಂದು ಹಾಡಿನ ಹೆಸರೇ 'ಶೇರ್ ದಿಸ್ ಹೌಸ್'. ಮೇಲೆ ಟೆಕ್ನೋ ಅಂತ ಚೀಟಿ ಅಂಟಿಸಿ ಒಳಗೆ ಬೇರೆ ಕೊಟ್ಟ ಹಾಗಾಗಲಿಲ್ವಾ? ಜೊತೆಗೆ ಎಲ್ಲವೂ ತುಂಬಾ ನಿಧಾನ.
(ಬೆಂಗಳೂರು)

ಉ: ನಿಮ್ಮ ಕಿವಿ ಸರಿಯಾಗಿಯೇ ಇದೆ. ಆದರೆ ನೀವು ಇವತ್ತಿನ ಅಳತೆಗೋಲು ಹಿಡಿದು ಅಳೆಯುತ್ತಿದ್ದೀರಿ. 1988ರಲ್ಲಿ ಟೆಕ್ನೋ ಅಂತ ಅಂಗಡಿಯಲ್ಲಿ ಬೇರೆ ಕಪಾಟೇ ಇರಲಿಲ್ಲ.

ಇದನ್ನು ಸೇರಿಸಿದ್ದು ನೀಲ್ ರಷ್ಟನ್ ಅನ್ನುವ ಇಂಗ್ಲೆಂಡಿನ ಡಿಜೆ, ಡೆಟ್ರಾಯಿಟ್ ಕಡೆಯಿಂದ ಕೈಜೋಡಿಸಿದ್ದು ಡೆರಿಕ್ ಮೇ. ಅವರು ಮೊದಲು ಇಡಬೇಕೆಂದಿದ್ದ ಹೆಸರು 'ದಿ ಹೌಸ್ ಸೌಂಡ್ ಆಫ್ ಡೆಟ್ರಾಯಿಟ್'. ಆಗ ಇಂಗ್ಲೆಂಡಿನಲ್ಲಿ ಚಿಕಾಗೋದ ಹೌಸ್ ಸಂಗೀತ ಜೋರಾಗಿ ಓಡುತ್ತಿತ್ತು, ಇದು ಅದರದೇ ಡೆಟ್ರಾಯಿಟ್ ಕೂಸು ಅಂತ ತೋರಿಸಿದರೆ ಮಾರಾಟಕ್ಕೆ ಸುಲಭ. ಅಷ್ಟರಲ್ಲಿ ಡೆಟ್ರಾಯಿಟ್‌ನ ಇನ್ನೊಬ್ಬ ಸಂಗೀತಗಾರ ಹುವಾನ್ ಆಟ್ಕಿನ್ಸ್ ತಮ್ಮ ಪಾಲಿನ ಹಾಡು ತಂದುಕೊಟ್ಟರು. ಅದರ ಹೆಸರು 'ಟೆಕ್ನೋ ಮ್ಯೂಸಿಕ್'. ಆಲ್ಬಂನ ಹೆಸರೇ ಬದಲಾಯಿತು. ಆಟ್ಕಿನ್ಸ್‌ಗೆ ಈ ಮಾತು ಹೊಸದೇನಲ್ಲ, 1984ರಲ್ಲೇ ಸೈಬೋಟ್ರಾನ್ ಅನ್ನುವ ತಮ್ಮ ಜೋಡಿ ತಂಡದಲ್ಲಿ 'ಟೆಕ್ನೋ ಸಿಟಿ' ಅಂತ ಹಾಡು ಮಾಡಿದ್ದರು. ಭವಿಷ್ಯದ ಬಗ್ಗೆ ಬರೆಯುತ್ತಿದ್ದ ಆಲ್ವಿನ್ ಟಾಫ್ಲರ್ ಅವರ ಪುಸ್ತಕದಲ್ಲಿ 'ಟೆಕ್ನೋ ರೆಬೆಲ್ಸ್' ಅನ್ನುವ ಮಾತು ಬರುತ್ತದೆ, ಅದು ಆಟ್ಕಿನ್ಸ್ ಮನಸ್ಸಿಗೆ ಹತ್ತಿಕೊಂಡಿತ್ತು.

ಅಂದರೆ ಹಾಡುಗಳು ಮೊದಲು ಬಂದವು, ಹೆಸರು ಆಮೇಲೆ ಬಂತು. ನಮ್ಮಲ್ಲೂ ಹೀಗೇ ಅಲ್ವಾ? ನವ್ಯ ಅಂತಲೋ ಬಂಡಾಯ ಅಂತಲೋ ಹೆಸರು ಗಟ್ಟಿಯಾಗುವ ಮುಂಚೆ ಬರೆದವರನ್ನು ಹಿಡಿದು, ನೀನು ಆ ಲಕ್ಷಣಕ್ಕೆ ಸರಿಯಾಗಿ ಬರೆದಿಲ್ಲ ಅಂತ ಕೇಳಲಾಗುವುದಿಲ್ಲ.

ಚಿಕಾಗೋ ಡೆಟ್ರಾಯಿಟ್‌ನಿಂದ ಸುಮಾರು 450 ಕಿಲೋಮೀಟರ್. ಡೆರಿಕ್ ಮೇ ಅವರ ತಾಯಿ ಅಲ್ಲಿಗೆ ಹೋಗಿ ನೆಲೆಸಿದ್ದರಿಂದ ಮಗನೂ ಹೋಗಿಬರುತ್ತಿದ್ದರು, ಅಲ್ಲಿನ ಕ್ಲಬ್‌ಗಳಲ್ಲಿ ರಾನ್ ಹಾರ್ಡಿ, ಫ್ರಾಂಕಿ ನಕಲ್ಸ್ ಅನ್ನುವ ಡಿಜೆಗಳು ನುಡಿಸುವುದನ್ನು ಕೇಳಿ ತಲೆ ತಿರುಗಿ ಬಂದವರು. ತಮ್ಮ ಒಂದು ಟಿಆರ್-909 ಡ್ರಮ್ ಮಷೀನನ್ನು ಫ್ರಾಂಕಿ ನಕಲ್ಸ್‌ಗೇ ಮಾರಿದ್ದರು. ಹೀಗೆ ಮಷೀನೂ ಹಾಡೂ ಊರಿಂದ ಊರಿಗೆ ಓಡಾಡಿಕೊಂಡಿದ್ದ ಕಾಲದಲ್ಲಿ ನಡುವೆ ಗೋಡೆ ಹುಡುಕಬೇಡಿ. ಈ ಆಲ್ಬಂ ಒಂದೇ ಥರ ಇಲ್ಲ. ಅದನ್ನು ನೀವು ಕೊರತೆ ಅಂದಿದ್ದೀರಿ, ನನಗೆ ಅದೇ ಅದರ ಸತ್ಯ ಅನ್ನಿಸುತ್ತದೆ. ಒಂದು ಊರಿನ ಹುಡುಗರು ಒಂದೇ ವರ್ಷದಲ್ಲಿ ಎಷ್ಟು ದಿಕ್ಕಿಗೆ ಮುಖ ಮಾಡಿದ್ದರು ಅನ್ನುವುದು ಇದರಲ್ಲಿ ಹಾಗೇ ಉಳಿದುಕೊಂಡಿದೆ.

ನಿಧಾನ ಅನ್ನುವುದಕ್ಕೆ ಒಂದೇ ಮಾತು. ಇವತ್ತು ನೀವು ನುಡಿಸುವ ಹಾಡುಗಳು ನಿಮಿಷಕ್ಕೆ 140 ಬಡಿತದ ಹತ್ತಿರ ಓಡುತ್ತಿರಬಹುದು, ಇವು 120ರ ಸುತ್ತಮುತ್ತ ಇವೆ. ಆ ಓಟದಲ್ಲಿ ಸೊಂಟಕ್ಕೂ ಕುಣಿಯಲು ಜಾಗ ಸಿಗುತ್ತದೆ. ಒಂದು ರಾತ್ರಿ ನಿಮ್ಮ ಪಾರ್ಟಿಯ ಮೊದಲ ಗಂಟೆಯಲ್ಲಿ ಹಾಕಿ ನೋಡಿ, ಏನಾಯಿತು ಅಂತ ಬರೆಯಿರಿ.

ಪ್ರ: ಅಕ್ಕಾ, ಡೆಟ್ರಾಯಿಟ್ ಟೆಕ್ನೋ ಅಂದ ತಕ್ಷಣ ಎಲ್ಲರೂ ಹೇಳೋದು 'ಸ್ಟ್ರಿಂಗ್ಸ್ ಆಫ್ ಲೈಫ್'. ಅದೇ ಇದರಲ್ಲಿ ಇಲ್ಲ! ಹುಡುಕಿ ಹುಡುಕಿ ಸಾಕಾಯಿತು. ಅದನ್ನು ಬಿಟ್ಟು ಎಂಥ ಸಂಕಲನ?
(ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ)

ಉ: ಆ ಹಾಡು ಹಿಂದಿನ ವರ್ಷ, 1987ರಲ್ಲೇ, ಡೆರಿಕ್ ಮೇ ಅವರ ಸ್ವಂತ ಟ್ರಾನ್ಸ್‌ಮ್ಯಾಟ್ ಲೇಬಲ್‌ನಿಂದ ಬಂದಿತ್ತು. ಇದು ಹಳೆಯ ಹಿಟ್ ಹಾಡುಗಳ ಗಂಟು ಆಗಿದ್ದರೆ ಅದು ಇರಲೇಬೇಕಿತ್ತು. ಇಲ್ಲಿ ಒತ್ತು ಇದ್ದದ್ದು ಹೊಸ ಹಾಡುಗಳ ಮೇಲೆ. ಅದಕ್ಕೇ ಹೆಸರಲ್ಲಿ 'ನ್ಯೂ' ಅಂತ ಇದೆ.

ಅದೇ ಮನುಷ್ಯನ ಇನ್ನೊಂದು ಹಾಡು ಇದರಲ್ಲಿ ಮೊಟ್ಟಮೊದಲೇ ಇದೆ ನೋಡಿ, 'ಇಟ್ ಈಸ್ ವಾಟ್ ಇಟ್ ಈಸ್'. ರಿದಿಮ್ ಈಸ್ ರಿದಿಮ್ ಅನ್ನುವ ಹೆಸರಲ್ಲಿ ಮಾಡಿದ್ದು. 'ಸ್ಟ್ರಿಂಗ್ಸ್ ಆಫ್ ಲೈಫ್' ಬಾಗಿಲು ಒದ್ದುಕೊಂಡು ಒಳಗೆ ಬರುತ್ತದೆ. ಇದು ಹಾಗಲ್ಲ, ಮಳೆ ನಿಂತ ಮೇಲೆ ಖಾಲಿ ರಸ್ತೆಯಲ್ಲಿ ಒಬ್ಬರೇ ಗಾಡಿ ಓಡಿಸಿಕೊಂಡು ಹೋದ ಹಾಗಿದೆ. ಎರಡರಲ್ಲಿ ಒಂದನ್ನು ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ನಿಮ್ಮ ವಯಸ್ಸಿನಲ್ಲಿ ಬಹುಶಃ ಅದನ್ನು ಇಟ್ಟುಕೊಳ್ಳುತ್ತಿದ್ದೆ.

ಪ್ರ: ನಾನು ನಿವೃತ್ತ ಶಿಕ್ಷಕ, ಕರ್ನಾಟಕ ಸಂಗೀತ ಕೇಳಿ ಬೆಳೆದವನು. ಮೊಮ್ಮಗನ ಕಡೆಯಿಂದ ಹಾಕಿಸಿಕೊಂಡು ಕೇಳಿದೆ. ಧಡ್ ಧಡ್ ಧಡ್ ಧಡ್ ಅಂತ ಒಂದೇ ಸಮನೆ ಬಡಿತ. ಬಹಳ ಹಾಡುಗಳಲ್ಲಿ ಸಾಹಿತ್ಯವೇ ಇಲ್ಲ, ಇದ್ದರೂ ಒಂದೆರಡು ಮಾತು. ಮನಸ್ಸು ಬಿಚ್ಚಿ ಕೇಳಬೇಕು ಅಂತಲೇ ಕೂತಿದ್ದೆ, ಆಗಲಿಲ್ಲ. ಕೇಳುವ ದಾರಿ ಏನಾದರೂ ಇದ್ದರೆ ತಿಳಿಸಿ.
(ಮೈಸೂರು)

ಉ: ಸರ್, ಇಷ್ಟು ಪ್ರೀತಿಯಿಂದ ಪ್ರಯತ್ನ ಮಾಡಿದ್ದಕ್ಕೆ ನಮಸ್ಕಾರ. ಒಂದು ದಾರಿ ಇದೆ, ನಿಮಗೆ ಗೊತ್ತಿರುವ ದಾರಿಯೇ.

ಕಚೇರಿಯಲ್ಲಿ ಶ್ರುತಿಪೆಟ್ಟಿಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಸದ್ದು ಮಾಡುತ್ತದೆ. ಅದು ಒಂದೇ ಸಮನೆ ಇದೆ ಅಂತ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತಿಗೆ ಅದು ಕಿವಿಯಿಂದ ಜಾರಿ ನೆಲವಾಗಿಬಿಡುತ್ತದೆ, ಹಾಡುವವರು ಆ ನೆಲದ ಮೇಲೆ ಓಡಾಡುತ್ತಾರೆ. ಈ ಸಂಗೀತದಲ್ಲಿ ಆ ಧಡ್ ಧಡ್ ಅನ್ನುವುದು ಅಂಥದ್ದೇ ನೆಲ. ಅದನ್ನೇ ಕೇಳುತ್ತಾ ಕೂತರೆ ತಲೆನೋವು ಬರುತ್ತದೆ. ಅದನ್ನು ಕಾಲಿಗೆ ಬಿಟ್ಟುಬಿಡಿ. ಕಿವಿಯನ್ನು ಮೇಲೆ ಇಡಿ.

ಮೊದಲ ಹಾಡನ್ನೇ ತೆಗೆದುಕೊಳ್ಳಿ. ಬಡಿತದ ನಡುನಡುವೆ ಚಿಸ್ ಚಿಸ್ ಅಂತ ಒಂದು ಸಣ್ಣ ತಾಳದ ಸದ್ದು ಇರುತ್ತದೆ, ಸರಿಯಾಗಿ ಎರಡು ಬಡಿತದ ಮಧ್ಯೆ ಬೀಳುತ್ತದೆ. ಕೈಯಲ್ಲಿ ತಾಳ ಹಾಕಿ, ಕೈ ಮೇಲೆ ಹೋದಾಗ ಅದು ಬರುತ್ತದೆ. ಒಮ್ಮೆ ಅದು ಸಿಕ್ಕಿತು ಅಂದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಅದರ ಮೇಲೆ ಕೀಬೋರ್ಡಿನ ಉದ್ದದ ಸ್ವರಗಳು ಮೋಡದ ಹಾಗೆ ಬಂದು ನಿಲ್ಲುತ್ತವೆ, ಇನ್ನೊಂದು ಚಿಕ್ಕ ಸ್ವರಗುಚ್ಛ ಮತ್ತೆ ಮತ್ತೆ ಬರುತ್ತದೆ, ಆದರೆ ಪ್ರತಿ ಸಲ ಅದರ ಸುತ್ತ ಇರುವ ಸದ್ದು ಬೇರೆ. ಯಾವುದು ಈಗ ಒಳಗೆ ಬಂತು, ಯಾವುದು ಸದ್ದಿಲ್ಲದೆ ಎದ್ದು ಹೋಯಿತು ಅಂತ ಗಮನಿಸಿ. ಈ ಸಂಗೀತದ ಕಥೆ ನಡೆಯುವುದೇ ಅಲ್ಲಿ. ಪಲ್ಲವಿ, ಅನುಪಲ್ಲವಿ, ಚರಣ ಅಂತ ಹುಡುಕಿದರೆ ಸಿಗುವುದಿಲ್ಲ. ಆದರೆ ನೆರವಲ್‌ನಲ್ಲಿ ಒಂದೇ ಸಾಲನ್ನು ಹಿಡಿದು ಬಣ್ಣ ಬಣ್ಣವಾಗಿ ಹರಡುವುದನ್ನು ಆನಂದಿಸಿದ ಕಿವಿ ನಿಮ್ಮದು. ನಿಮಗೆ ಇದು ದೂರವಲ್ಲ ಅಂತ ನನ್ನ ನಂಬಿಕೆ.

ಇನ್ನೊಂದು ಮಾತು. ಮೊಬೈಲಿನ ಚಿಕ್ಕ ಸ್ಪೀಕರಿನಲ್ಲಿ ಕೇಳಿದ್ದರೆ ತಪ್ಪು ನಿಮ್ಮದಲ್ಲ. ಅದರಲ್ಲಿ ಕೆಳಗಿನ ಸ್ವರಗಳು ಬರುವುದೇ ಇಲ್ಲ, ಬರೀ ಬಡಿತ ಉಳಿಯುತ್ತದೆ. ಮೊಮ್ಮಗನ ಹೆಡ್‌ಫೋನ್ ಕೇಳಿ ತೆಗೆದುಕೊಳ್ಳಿ. ಆಮೇಲೂ ಹಿಡಿಸದಿದ್ದರೆ ಧಾರಾಳವಾಗಿ ಬಿಟ್ಟುಬಿಡಿ ಸರ್.

ಪ್ರ: ನಾನು ಡೊಳ್ಳು ಕುಣಿತದ ತಂಡದಲ್ಲಿ ಇದ್ದೇನೆ. ಕೇಳಿದ ಕೂಡಲೇ ಕಾಲು ಕುಣಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮಷೀನ್ ಹೊಡೆತದಲ್ಲಿ ಕೈಯ ಬಿಸಿ ಇಲ್ಲ ಅನ್ನಿಸುತ್ತೆ. ಆ ಮಷೀನ್ ಹೇಗೆ ಕೆಲಸ ಮಾಡುತ್ತೆ?
(ಸಾಗರ)

ಉ: ಆಗಿನ ಡ್ರಮ್ ಮಷೀನ್‌ಗಳಲ್ಲಿ ಹೆಸರಾದವು ಎರಡು, ಎರಡೂ ಜಪಾನಿನ ರೋಲಾಂಡ್ ಕಂಪನಿಯವು. 1980ರಲ್ಲಿ ಬಂದ ಟಿಆರ್-808, 1983ರಲ್ಲಿ ಬಂದ ಟಿಆರ್-909. ಮುಂದೆ ಸಾಲಾಗಿ ಹದಿನಾರು ಬಟನ್. ನಾಲ್ಕು ಹೊಡೆತ, ಒಂದೊಂದು ಹೊಡೆತದಲ್ಲಿ ನಾಲ್ಕು ಭಾಗ, ಒಟ್ಟು ಹದಿನಾರು. ಯಾವ ಭಾಗದಲ್ಲಿ ಸದ್ದು ಬೇಕೋ ಆ ಬಟನ್ ಒತ್ತಿಟ್ಟರೆ ಸಾಕು, ಅದು ಸುತ್ತುತ್ತಾ ಇರುತ್ತದೆ. ತಾಳ ಗೊತ್ತಿರುವ ನಿಮಗೆ ಹತ್ತು ನಿಮಿಷದಲ್ಲಿ ಕೈಗೆ ಹತ್ತುತ್ತದೆ.

ಕೈಯ ಬಿಸಿ ಬಗ್ಗೆ ನೀವು ಹೇಳಿದ್ದು ಅರ್ಥವಾಗುತ್ತದೆ. 909ರಲ್ಲಿ ಒಂದು ಸೌಕರ್ಯ ಇತ್ತು, ಕೆಲವು ಭಾಗಗಳನ್ನು ಕೂದಲೆಳೆಯಷ್ಟು ತಡವಾಗಿ ಬೀಳಿಸುವುದು. ಎಲ್ಲ ಹೊಡೆತ ಗೆರೆ ಎಳೆದ ಹಾಗೆ ಬೀಳದೆ ಸ್ವಲ್ಪ ತೂಗಾಡುತ್ತದೆ. ನಿಮ್ಮ ತಂಡದಲ್ಲಿ ಹಿರಿಯರೊಬ್ಬರು ಒಂದು ಪೆಟ್ಟನ್ನು ಬೇಕಂತಲೇ ತಡೆದು ಹೊಡೆಯುತ್ತಾರಲ್ಲ, ಆ ಆಸೆ ಈ ಹುಡುಗರಿಗೂ ಇತ್ತು.

ಮಷೀನೇ ಯಾಕೆ ಅಂದರೆ, ಕೈಗೆಟುಕಿದ್ದು ಅದು. ಹಳೆಯ ಮಷೀನ್‌ಗಳು ಸೆಕೆಂಡ್ ಹ್ಯಾಂಡ್ ಆಗಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ಸ್ಟುಡಿಯೋ ಬಾಡಿಗೆ ಬೇಡ, ವಾದ್ಯದವರಿಗೆ ಕೊಡುವ ಹಣ ಬೇಡ, ಮನೆಯ ಒಂದು ಕೋಣೆ ಸಾಕು.

ಪ್ರ: ಇದೆಲ್ಲ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ನಕಲು ಅಲ್ವಾ?
(ಉಡುಪಿ)

ಉ: ನಕಲು ಅಲ್ಲ. ಕ್ರಾಫ್ಟ್‌ವರ್ಕ್ ಈ ಡೆಟ್ರಾಯಿಟ್ ಹುಡುಗರ ಮೇಲೆ ಎಷ್ಟು ಪರಿಣಾಮ ಮಾಡಿತು ಅನ್ನುವುದನ್ನು ಅವರೇ ಬಾಯಿ ತುಂಬ ಹೇಳಿದ್ದಾರೆ. ಜಾರ್ಜ್ ಕ್ಲಿಂಟನ್ನರೂ ಕ್ರಾಫ್ಟ್‌ವರ್ಕಿನವರೂ ಒಂದೇ ಲಿಫ್ಟಿನಲ್ಲಿ ಸಿಕ್ಕಿಕೊಂಡ ಹಾಗೆ ಅಂತ ಡೆರಿಕ್ ಮೇ ತಮ್ಮ ಸಂಗೀತವನ್ನು ಬಣ್ಣಿಸಿದ್ದರು. ಆ ಮಾತಿನಲ್ಲಿ ಎಲ್ಲರೂ ಎರಡನೇ ಹೆಸರನ್ನು ಹಿಡಿಯುತ್ತಾರೆ, ಮೊದಲನೆಯದನ್ನು ಬಿಡುತ್ತಾರೆ. ಜಾರ್ಜ್ ಕ್ಲಿಂಟನ್ ಅಂದರೆ ಫಂಕ್, ಕಪ್ಪು ಅಮೆರಿಕದ ಕುಣಿತ.

ಈ ಎರಡನ್ನೂ ಒಂದೇ ರಾತ್ರಿ ಕೇಳಿಸಿದ್ದು ಡೆಟ್ರಾಯಿಟ್‌ನ ಒಬ್ಬ ರೇಡಿಯೋ ನಿರೂಪಕ. ದಿ ಎಲೆಕ್ಟ್ರಿಫೈಯಿಂಗ್ ಮೋಜೋ ಅಂತ ಹೆಸರು ಇಟ್ಟುಕೊಂಡಿದ್ದರು, ಮುಖ ತೋರಿಸುತ್ತಿರಲಿಲ್ಲ. ಕಪ್ಪು ಜನರ ಸ್ಟೇಷನ್‌ಗೆ ಇಂಥ ಹಾಡು, ಬಿಳಿ ಜನರ ಸ್ಟೇಷನ್‌ಗೆ ಇಂಥ ಹಾಡು ಅಂತ ಗೆರೆ ಎಳೆದಿದ್ದ ಕಾಲದಲ್ಲಿ ಆತ ಪ್ರಿನ್ಸ್, ಕ್ಲಿಂಟನ್ನರ ಪಾರ್ಲಿಮೆಂಟ್ ತಂಡ, ಕ್ರಾಫ್ಟ್‌ವರ್ಕ್ ಎಲ್ಲವನ್ನೂ ಸಾಲಾಗಿ ಹಾಕುತ್ತಿದ್ದರು. ಕೇಳುತ್ತಿರುವವರು ಮನೆಯ ದೀಪ ಹಾಕಿ ಆರಿಸಿ, ಕಾರಿನ ಹೆಡ್‌ಲೈಟ್ ಮಿನುಗಿಸಿ ಅನ್ನುತ್ತಿದ್ದರು. ಬೀದಿ ಬೀದಿಯಲ್ಲಿ ದೀಪ ಮಿನುಗುವುದನ್ನು ಕಣ್ಣಾರೆ ಕಂಡು ಬೆಳೆದ ಹುಡುಗರು ಇವರು. ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಮನುಷ್ಯ ಆತನೇ.

ಪ್ರ: ಡೆಟ್ರಾಯಿಟ್, ಚಿಕಾಗೋ ಅಂತ ಬರೆಯುತ್ತೀರಿ. ನಮ್ಮ ಮುಂಬೈನಲ್ಲಿ ಚರಣ್‌ಜಿತ್ ಸಿಂಗ್ 1982ರಲ್ಲೇ ಇದೇ ಮಷೀನ್ ಹಿಡಿದು ರಾಗಗಳನ್ನು ನುಡಿಸಿದ್ದರು. ಇದೆಲ್ಲ ಶುರುವಾದದ್ದು ಭಾರತದಲ್ಲಿ ಅಂತ ಯಾಕೆ ಬರೆಯಲಿಲ್ಲ? ನಮ್ಮವರನ್ನು ನಾವೇ ಮರೆತರೆ ಹೇಗೆ?
(ದಾವಣಗೆರೆ)

ಉ: ಈ ಪ್ರಶ್ನೆ ಏಳು ಜನ ಕೇಳಿದ್ದಾರೆ, ನಿಮ್ಮದನ್ನು ಆರಿಸಿಕೊಂಡೆ.

ಅವರ ಆಲ್ಬಂ ನನಗೂ ಪ್ರಾಣ. ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ವಾದ್ಯಗಾರ, ಜುಪಿಟರ್-8 ಕೀಬೋರ್ಡ್, ಟಿಬಿ-303 ಬೇಸ್ ಮಷೀನ್, ಟಿಆರ್-808 ಡ್ರಮ್ ಮಷೀನ್ ಇಟ್ಟುಕೊಂಡು ಭೈರವ್, ಯಮನ್, ಮಾಲ್ಕೌಂಸ್ ಹೀಗೆ ಹತ್ತು ರಾಗಗಳನ್ನು ಡಿಸ್ಕೋ ಬಡಿತದ ಮೇಲೆ ನುಡಿಸಿದರು. ಎಚ್‌ಎಂವಿ ಬಿಡುಗಡೆ ಮಾಡಿತು. ಜನ ಗಮನ ಕೊಡಲಿಲ್ಲ. 2010ರಲ್ಲಿ ಒಂದು ಡಚ್ ಲೇಬಲ್ ಮತ್ತೆ ಹೊರತಂದಾಗ ಜಗತ್ತು ಬೆರಗಾಯಿತು. ಆ ಬೇಸ್ ಮಷೀನಿನ ಕಿರುಗುಟ್ಟುವ ಸದ್ದು ಚಿಕಾಗೋದ ಫ್ಯೂಚರ್ ತಂಡದ 'ಆಸಿಡ್ ಟ್ರ್ಯಾಕ್ಸ್' ಮೂಲಕ ಹೆಸರಾದದ್ದು 1987ರಲ್ಲಿ. ಐದು ವರ್ಷ ಮುಂಚೆ ಮುಂಬೈನಲ್ಲಿ ಒಬ್ಬರು ಅಂಥದ್ದನ್ನೇ ಮಾಡಿದ್ದರು ಅಂದರೆ ಮೈ ಜುಮ್ಮೆನ್ನದೆ ಇರುತ್ತಾ? ಕೊನೆಗಾಲದಲ್ಲಾದರೂ ವಿದೇಶಗಳಲ್ಲಿ ವೇದಿಕೆ ಹತ್ತಿ ನುಡಿಸಿದರು, ಜನ ಕುಣಿದರು. 2015ರಲ್ಲಿ ತೀರಿಕೊಂಡರು.

ಆದರೆ ಅವರಿಂದಲೇ ಇದು ಶುರುವಾಯಿತು ಅಂತ ನಾನು ಬರೆಯುವುದಿಲ್ಲ. ಆ ರೆಕಾರ್ಡ್ ಡೆಟ್ರಾಯಿಟ್‌ಗೋ ಚಿಕಾಗೋಗೋ ತಲುಪಿತ್ತು, ಅಲ್ಲಿನವರು ಕೇಳಿ ಕಲಿತರು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಒಂದೇ ಬೀಜ ಎರಡು ಕಡೆ ಬಿತ್ತು. ಮುಂಬೈನಲ್ಲಿ ಅದು ಒಂಟಿ ಮರವಾಯಿತು. ಡೆಟ್ರಾಯಿಟ್‌ನಲ್ಲಿ ಒಬ್ಬರು ಮಾಡಿದ್ದನ್ನು ಪಕ್ಕದ ಮನೆಯವರು ಕೇಳಿದರು, ಅವರು ಇನ್ನೊಂದು ಮಾಡಿದರು, ನುಡಿಸಲು ಕ್ಲಬ್ ಇತ್ತು, ಕೇಳಿಸಲು ರೇಡಿಯೋ ಇತ್ತು, ಹೀಗೆ ತೋಪಾಯಿತು. ಇಬ್ಬರಿಗೂ ಪೂರ್ತಿ ಗೌರವ ಕೊಡೋಣ. ಆ ಡೆಟ್ರಾಯಿಟ್ ಹುಡುಗರ ಹೆಸರನ್ನು ಅವರ ದೇಶದಲ್ಲೇ ಎಷ್ಟೋ ಜನ ಮರೆತಿದ್ದಾರೆ, ಟೆಕ್ನೋ ಅಂದರೆ ಯುರೋಪಿನದು ಅಂದುಕೊಂಡವರೇ ಹೆಚ್ಚು. ಅವರ ಕೈಯಿಂದ ನಾವೂ ಕಿತ್ತುಕೊಳ್ಳುವುದು ಬೇಡ.

ಪ್ರ: ನಾನು ಮಿಶಿಗನ್‌ನಲ್ಲಿ ಕಾರು ಕಂಪನಿಗಳಿಗೆ ಬಿಡಿಭಾಗ ಮಾಡುವ ಕಡೆ ಎಂಜಿನಿಯರ್, ಬಂದು ಹನ್ನೊಂದು ವರ್ಷ ಆಯಿತು. ತಾಯಿ ಊರಿಂದ ಕಳಿಸಿದ ನಿಮ್ಮ ಅಂಕಣ ಓದಿದ ಮೇಲೆಯೇ ಈ ಸಂಗೀತ ಇಲ್ಲಿ ಹುಟ್ಟಿದ್ದು ಅಂತ ಗೊತ್ತಾಯಿತು! ಕನ್ನಡ ಕೂಟದಲ್ಲಿ ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ. ಊರಿಗೂ ಈ ಸದ್ದಿಗೂ ನಿಜವಾಗಿ ಸಂಬಂಧ ಇದೆಯಾ? ಇಲ್ಲಿ ಏನು ನೋಡಬಹುದು?
(ಟ್ರಾಯ್, ಮಿಶಿಗನ್)

ಉ: ನಿಮ್ಮ ಕಾಗದ ಓದಿ ತುಂಬಾ ಸಂತೋಷವಾಯಿತು. ಸಂಬಂಧ ಇದೆ, ಅದೂ ನಿಮ್ಮ ಕೆಲಸದ ಮೂಲಕವೇ ಇದೆ.

1950ರಲ್ಲಿ ಡೆಟ್ರಾಯಿಟ್ ನಗರದ ಜನಸಂಖ್ಯೆ ಹದಿನೆಂಟೂವರೆ ಲಕ್ಷ. 1990ರ ಹೊತ್ತಿಗೆ ಹತ್ತು ಲಕ್ಷ ಚಿಲ್ಲರೆ. ಕಾರ್ಖಾನೆಗಳು ಹೊರಗೆ ಹೋದವು, ಹಣ ಇದ್ದವರು ಉಪನಗರಗಳಿಗೆ ಹೋದರು, 1967ರ ದಂಗೆಯಲ್ಲಿ 43 ಜನ ಸತ್ತರು, 1972ರಲ್ಲಿ ಊರಿನ ಹೆಮ್ಮೆಯಾಗಿದ್ದ ಮೋಟೌನ್ ಸಂಗೀತ ಕಂಪನಿಯೂ ಲಾಸ್ ಏಂಜಲೀಸಿಗೆ ಎದ್ದು ಹೋಯಿತು. ಉಳಿದ ಕಾರ್ಖಾನೆಗಳಿಗೆ ರೋಬೋಟ್ ಬಂದವು. ಬೆರ್ರಿ ಗೋರ್ಡಿಯ ಸಂಗೀತಕ್ಕಿಂತ ಫೋರ್ಡ್ ಕಾರ್ಖಾನೆಯ ರೋಬೋಟ್‌ಗಳ ಮೇಲೆಯೇ ತಮಗೆ ಆಸಕ್ತಿ ಜಾಸ್ತಿ ಅನ್ನುವ ಅರ್ಥದಲ್ಲಿ ಆಟ್ಕಿನ್ಸ್ 1988ರಲ್ಲಿ ಒಂದು ಬ್ರಿಟಿಷ್ ಪತ್ರಿಕೆಗೆ ಹೇಳಿದ್ದರು. ಬೆರ್ರಿ ಗೋರ್ಡಿ ಅಂದರೆ ಮೋಟೌನ್ ಕಟ್ಟಿದವರು. ಕೇಳಲು ಒರಟು ಮಾತು. ಆದರೆ ಮೋಟೌನ್ ಊರು ಬಿಟ್ಟಾಗ ಆಟ್ಕಿನ್ಸ್‌ಗೆ ಹತ್ತು ವರ್ಷ, ಕಣ್ಣೆದುರು ಉಳಿದದ್ದು ಆ ರೋಬೋಟ್‌ಗಳೇ ಅನ್ನುವುದನ್ನು ನೆನೆದರೆ ಆ ಮಾತಿನ ಒಳಗಿನ ನೋವೂ ಕೇಳುತ್ತದೆ.

ನೋಡುವುದಕ್ಕೆ ಬಹಳ ಇದೆ. ಊರಿನಿಂದ ಸುಮಾರು 45 ಕಿಲೋಮೀಟರ್ ದೂರದ ಬೆಲ್‌ವಿಲ್‌ನಲ್ಲಿ ಆಟ್ಕಿನ್ಸ್, ಮೇ, 'ಬಿಗ್ ಫನ್' ಮಾಡಿದ ಕೆವಿನ್ ಸಾಂಡರ್ಸನ್ ಮೂವರೂ ಶಾಲೆಗೆ ಹೋದದ್ದು, ಕಪ್ಪು ಮಕ್ಕಳು ಬೆರಳೆಣಿಕೆಯಷ್ಟಿದ್ದ ಶಾಲೆ. ನಗರದ ಈಸ್ಟ್ ಗ್ರಾಂಡ್ ಬುಲೆವಾರ್ಡಿನಲ್ಲಿ ಎಕ್ಸಿಬಿಟ್ 3000 ಅಂತ ಟೆಕ್ನೋದ ಚಿಕ್ಕ ಮ್ಯೂಸಿಯಂ ಇದೆ, ಮೊದಲೇ ತಿಳಿಸಿ ಹೋಗಬೇಕು. 1315 ಬ್ರಾಡ್‌ವೇ ವಿಳಾಸದಲ್ಲಿ ಮ್ಯೂಸಿಕ್ ಇನ್‌ಸ್ಟಿಟ್ಯೂಟ್ ಕ್ಲಬ್ ಇತ್ತು, ಈ ಆಲ್ಬಂ ಬಂದ ವರ್ಷವೇ ಶುರುವಾಗಿ ಮರುವರ್ಷವೇ ಮುಚ್ಚಿತು. ಅಲ್ಲಿ ಮದ್ಯ ಮಾರುತ್ತಿರಲಿಲ್ಲ, ಬೆಳಗಿನವರೆಗೆ ಜನ ಕುಣಿಯಲೆಂದೇ ಬರುತ್ತಿದ್ದರು. ಮೇ ತಿಂಗಳ ಕೊನೆಗೆ ಮೆಮೋರಿಯಲ್ ಡೇ ರಜೆಯಲ್ಲಿ ನದಿಯ ದಂಡೆಯ ಹಾರ್ಟ್ ಪ್ಲಾಜಾದಲ್ಲಿ ಟೆಕ್ನೋ ಹಬ್ಬ ನಡೆಯುತ್ತದೆ. 2000ದಲ್ಲಿ ಶುರುವಾದದ್ದು, ಈಗಿನ ಹೆಸರು ಮೂವ್‌ಮೆಂಟ್. ಮೊದಲ ಕೆಲವು ವರ್ಷ ಟಿಕೆಟ್ ಇರಲಿಲ್ಲ, ಈಗ ಇದೆ. ಕೂಟದ ಗೆಳೆಯರನ್ನೂ ಕರೆದುಕೊಂಡು ಹೋಗಿ. ತಾಯಿಯವರು ಆ ಹೊತ್ತಿಗೆ ಅಲ್ಲಿಗೆ ಬಂದಿದ್ದರೆ ಅವರನ್ನೂ ಖಂಡಿತ.

ಪ್ರ: ಸಂಕಲನ ಅಂದರೆ ಕಂಪನಿಯವರು ಇದ್ದಬದ್ದದ್ದನ್ನು ಗುಡ್ಡೆ ಹಾಕಿ ಮಾರುವುದು. ಒಬ್ಬ ಕಲಾವಿದ ಕೂತು ಮಾಡಿದ ಆಲ್ಬಂನ ಘನತೆ ಇದಕ್ಕೆ ಎಲ್ಲಿಂದ ಬರಬೇಕು? ಇದರಲ್ಲೂ ಎರಡು ಮೂರು ಹಾಡು ಸುಮ್ನೆ ಜಾಗ ತುಂಬಿಸಲು ಹಾಕಿದ ಹಾಗಿವೆ.
(ಕಲಬುರಗಿ)

ಉ: ಕೊನೆಯ ಮಾತನ್ನು ಒಪ್ಪುತ್ತೇನೆ. ಕೊನೆಯ ಹಾಡು 'ಅನ್, ದ್ಯೂ, ತ್ರ್ವಾ' ನನಗೆ ಇವತ್ತಿಗೂ ಹಿಡಿಸಿಲ್ಲ, 'ಫೀಲ್ ಸರ್ರಿಯಲ್' ಕೂಡ ಅಷ್ಟಕ್ಕಷ್ಟೇ. ಆ ಕೊನೆಯ ಹಾಡಿನ ಪಕ್ಕದಲ್ಲೇ ಆಂಥನಿ ಶಕೀರ್ ಅವರ 'ಸೀಕ್ವೆನ್ಸ್ 10' ಇದೆ. ಯಾರೂ ಅದರ ಬಗ್ಗೆ ಬರೆಯಲಿಲ್ಲ ಅಂತ ನನಗೆ ಬೇಸರ. ದಯವಿಟ್ಟು ಇನ್ನೊಮ್ಮೆ ಕೇಳಿ.

ಮೊದಲ ಮಾತನ್ನು ಒಪ್ಪುವುದಿಲ್ಲ. ಡಾನ್ಸ್ ಸಂಗೀತದಲ್ಲಿ ಸಂಕಲನದ ಜಾಗವೇ ಬೇರೆ. ಈ ಹಾಡುಗಳು ಬರುತ್ತಿದ್ದದ್ದು ಹನ್ನೆರಡು ಇಂಚಿನ ಸಿಂಗಲ್ ರೆಕಾರ್ಡ್‌ಗಳಲ್ಲಿ. ಅಷ್ಟು ದೊಡ್ಡ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಒಂದೋ ಎರಡೋ ಹಾಡು, ಗೆರೆಗಳ ನಡುವೆ ಜಾಗ ಧಾರಾಳ, ಹಾಗಾಗಿ ಬೇಸ್ ಗಟ್ಟಿಯಾಗಿ ಬರುತ್ತದೆ. ಅವು ಡಿಜೆಗಳಿಗಾಗಿ ಮಾಡಿದವು, ಕಡಿಮೆ ಪ್ರತಿ, ಕೆಲವೇ ಅಂಗಡಿ. ಕ್ಲಬ್‌ಗೆ ಹೋಗದವರ ಮನೆಗೆ ಈ ಸಂಗೀತ ಬಂದದ್ದು ಇಂಥ ಸಂಕಲನಗಳಿಂದ. ನಮ್ಮ ಊರುಗಳಲ್ಲಿ ಕ್ಯಾಸೆಟ್ ಅಂಗಡಿಗೆ ಚೀಟಿ ಬರೆದು ಕೊಟ್ಟು, ಎರಡು ದಿನ ಬಿಟ್ಟು ಬೇಕಾದ ಹಾಡೆಲ್ಲ ಒಂದೇ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬರುತ್ತಿದ್ದೆವಲ್ಲ, ಯಾವ ಹಾಡಿನ ಹಿಂದೆ ಯಾವುದು ಬರಬೇಕು ಅಂತ ರಾತ್ರಿಯೆಲ್ಲ ಯೋಚನೆ ಮಾಡಿ ಬರೆದ ಚೀಟಿ ಅದು. ಅದರಲ್ಲಿ ಘನತೆ ಇರಲಿಲ್ಲವೇ?

ಇನ್ನು ಈ ಸಂಕಲನ ಮಾಡಿದ ಇಂಗ್ಲಿಷ್‌ನವರು ಹೊರಗಿನಿಂದ ಬಂದ ವ್ಯಾಪಾರಿ ಮಾತ್ರ ಅಂತಲೂ ಅನ್ನಬೇಡಿ. ರಷ್ಟನ್ ನಾರ್ದರ್ನ್ ಸೋಲ್ ಬಳಗದವರು (ಸೋಲ್ ಅಂದರೆ ಕಪ್ಪು ಅಮೆರಿಕದ ಒಂದು ಬಗೆಯ ಹಾಡು). ಉತ್ತರ ಇಂಗ್ಲೆಂಡಿನ ಕಾರ್ಮಿಕರ ಊರುಗಳಲ್ಲಿ, ವಿಗನ್ ಕ್ಯಾಸಿನೋದಂಥ ಹಾಲ್‌ಗಳಲ್ಲಿ, ಜನ ರಾತ್ರಿಯಿಡೀ ಕುಣಿಯುತ್ತಿದ್ದದ್ದು ಅಮೆರಿಕದಲ್ಲೇ ಯಾರೂ ಕೊಳ್ಳದೆ ಬಿಟ್ಟ ಅರವತ್ತರ ದಶಕದ ಸೋಲ್ ರೆಕಾರ್ಡ್‌ಗಳಿಗೆ. ಅವುಗಳಲ್ಲಿ ಎಷ್ಟೋ ಡೆಟ್ರಾಯಿಟ್‌ನವು. ಅವರಿಗೆ ಆ ಊರಿನ ಹೆಸರು ಮೊದಲೇ ಎದೆಯಲ್ಲಿತ್ತು.

ಪ್ರ: ಮೇಡಂ, ಮಗಳು ಪಿಯುಸಿ. ನಿಮ್ಮ ಅಂಕಣ ಓದಿ ಮನೆಯಲ್ಲಿ ದಿನಾ 'ಬಿಗ್ ಫನ್' ಹಾಕುತ್ತಾಳೆ. ಅಡುಗೆ ಮಾಡುವಾಗ ನನಗೂ ಬಾಯಿಗೆ ಬಂದುಬಿಟ್ಟಿದೆ. ಹಾಡಿರುವ ಹೆಣ್ಣುಮಗಳು ಯಾರು? ಇನ್ನೂ ಇಂಥ ಹಾಡು ಇದ್ದರೆ ಹೇಳಿ.
(ತಿಪಟೂರು)

ಉ: ಅವರು ಪ್ಯಾರಿಸ್ ಗ್ರೇ, ಚಿಕಾಗೋ ಕಡೆಯವರು. ಸಂಗೀತ ಕೆವಿನ್ ಸಾಂಡರ್ಸನ್ ಅವರದು, ಇಬ್ಬರ ಜೋಡಿಗೆ ಇನ್ನರ್ ಸಿಟಿ ಅಂತ ಹೆಸರು. ಆಲ್ಬಂ ಆಗ ಅಷ್ಟೇನೂ ಮಾರಾಟ ಆಗಲಿಲ್ಲ, ಆದರೆ ಈ ಒಂದು ಹಾಡು ಹೆಚ್ಚು ಮಾರಾಟವಾದ ಹಾಡುಗಳ ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಜಾಗಕ್ಕೆ ಹೋಯಿತು. ಅದರ ಹಿಂದೆಯೇ ಬಂದ 'ಗುಡ್ ಲೈಫ್' 4ನೇ ಜಾಗಕ್ಕೆ ಏರಿತು. ಮಗಳಿಗೆ ಅದನ್ನು ಹಾಕಲು ಹೇಳಿ. ಇದೇ ಸಂಕಲನದ ಎರಡನೇ ಭಾಗ 1990ರಲ್ಲಿ ಬಂತು, ಅದರಲ್ಲಿ ಆಕ್ಟೇವ್ ಒನ್ ಅವರ 'ಐ ಬಿಲೀವ್' ಇದೆ. ಅದನ್ನೂ ಒಬ್ಬ ಹೆಣ್ಣುಮಗಳೇ ಹಾಡಿದ್ದಾರೆ, 'ಬಿಗ್ ಫನ್'ನಷ್ಟು ಕುಣಿಸುವುದಿಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಕೇಳುವ ಹಾಡು. ಮುಂದಿನ ತಿಂಗಳು ಆ ಎರಡನೇ ಭಾಗದ ಬಗ್ಗೆಯೇ ಬರೆಯುತ್ತೇನೆ. ತಾಯಿ ಮಗಳು ಇಬ್ಬರೂ ಕೇಳಿ, ಬೇರೆ ಬೇರೆ ಕಾಗದ ಬರೆಯಿರಿ.